ಕೆಂಪು ಚೀಟಿಯ ಪುಡಿಂಗು

ಆಹಾರ ಪರೀಕ್ಷಾಲಯದ ಫ್ರಿಜ್ಜಿನಲ್ಲಿ ಮೇಲಂತಸ್ತಿನ ಪದಾರ್ಥಗಳು ಕೆಳಕ್ಕೂ ಕೆಳಂತಸ್ತಿನವು ಮೇಲಕ್ಕೂ ಹೋದದ್ದೇ ಆ ದಿನದ ಸಮಸ್ತ ಅನರ್ಥಗಳಿಗೂ ಮೂಲವಾಯಿತು.

ಇನ್ನೂ ಪರೀಕ್ಷೆಯಾಗಬೇಕಾದ ತಿನಿಸುಗಳಿಗೆ ಮೇಲಂತಸ್ತು. ಪರೀಕ್ಷೆ ಮುಗಿದು ಉಳಿದವುಗಳಿಗೆ ಕೆಳಂತಸ್ತು. ಇದು ಅಲ್ಲಿಯ ಪದ್ಧತಿ. ಉಳಿದದ್ದನ್ನು ನಾಶಪಡಿಸತಕ್ಕದ್ದೆಂದು ನಿಯಮವಿತ್ತಾದರೂ ಯಾವ ವಿಧಾನದಿಂದ ನಾಶಪಡಿಸಬೇಕೆಂಬ ವಿಷಯದಲ್ಲಿ ನಿಯಮವು ಮೌನವನ್ನು ತಾಳಿತ್ತು. ಆ ಮೌನಕ್ಕೆ ಸಿಬ್ಬಂದಿಯವರು ತಮ್ಮದೇ ಆದ ಭಾಷ್ಯವನ್ನು ರಚಿಸಿಕೊಂಡಿದ್ದರು. ಅಗ್ನಿಗೆ ಅರ್ಪಿಸಿದ್ದು ನಾಶವಾಗುವುದು ನಿಶ್ಚಯ, ಜಠರಾಗ್ನಿಯೂ ಅಗ್ನಿಯೇ, ಆದ್ದರಿಂದ ತಿಂದುಬಿಟ್ಟರೆ ನಿಯಮಪಾಲನೆಯಾದಂತೆಯೇ. ಹೀಗೆ ಪರೀಕ್ಷಾಲಯದಲ್ಲಿ ನಿಯಮಪಾಲನೆಯು ಪ್ರತಿದಿನವೂ ಹನ್ನೊಂದರ ಚಹದೊಡನೆ ಶ್ರದ್ಧೆಯಿಂದ ನಡೆಯುತ್ತಿತ್ತು.

ಆ ಬೆಳಿಗ್ಗೆ ಗಾಜಿನ ಪಾತ್ರೆಗಳನ್ನು ತೊಳೆಯುವವನು ಫ್ರಿಜ್ಜಿನ ಮಂಜನ್ನು ಕೆರೆದು ತೆಗೆದು, ಒಳಗಿದ್ದದ್ದನ್ನೆಲ್ಲ ಹೊರಗಿಟ್ಟು, ಮತ್ತೆ ಒಳಗಿಡುವಾಗ ಅಂತಸ್ತುಗಳನ್ನು ಅದಲುಬದಲು ಮಾಡಿದ್ದನು. ಅವನಿಗೆ 'ಡಂಗುರ'ವೆಂದು ಅಡ್ಡಹೆಸರು. ಅವನ ಕಿವಿಗೆ ಬಿದ್ದದ್ದು ಊರಿಗೆ ತಲುಪಲು ಬೇರೆ ಸಾಧನವೇ ಬೇಕಾಗಿರಲಿಲ್ಲ. ಪ್ರಪಂಚದ ಎಲ್ಲ ಸುದ್ದಿಯನ್ನೂ ಹೇಳುವ ಡಂಗುರನು ಇದೊಂದನ್ನು ಮಾತ್ರ ಯಾರಿಗೂ ಹೇಳಲು ಮರೆತನು.

ಇನ್ನು ಮಾದರಿ ಕೊಠಡಿಯ ಗುಮಾಸ್ತರ ವಿಚಾರ. ಇವರು ಕಾಮಕ್ರೋಧಾದಿ ಆರು ಶತ್ರುಗಳನ್ನೂ ಮಟ್ಟಹಾಕಿದ್ದ ಸಾಧುಪುರುಷರು. ಕೋಪವೆಂದರೇನೆಂದು ಅರಿಯರು, ಲೋಭವೆಂದರೆ ದೂರ. ಆದರೆ ಶತ್ರುಗಳ ಪಟ್ಟಿಯನ್ನು ಮಾಡಿದ ಹಿರಿಯರು ಸಿಹಿತಿಂಡಿಯನ್ನು ಏಳನೆಯದಾಗಿ ಸೇರಿಸದೆ ಬಿಟ್ಟದ್ದರಿಂದ ಗುಮಾಸ್ತರ ಕೋಟೆಗೆ ಆ ಕಡೆಯಿಂದ ಕಾವಲೇ ಇರಲಿಲ್ಲ. ಕೆಲವು ತಿಂಗಳ ಹಿಂದೆ ವೈದ್ಯರು ಅವರ ರಕ್ತವನ್ನು ಪರೀಕ್ಷಿಸಿ, ಹೊಟ್ಟೆಯ ಸುತ್ತಳತೆಯನ್ನು ನೋಡಿ, "ಸಕ್ಕರೆಯನ್ನ ಇನ್ಮೇಲೆ ಕಣ್ಣಲ್ಲಿ ನೋಡ್ಬೋದು, ಅಷ್ಟೆ" ಎಂದು ತೀರ್ಪಿತ್ತಿದ್ದರು.

ಅಂದಿನಿಂದ ಮನೆಯಲ್ಲಿ ಸಕ್ಕರೆಯ ಡಬ್ಬಿ ಮಾಯವಾಯಿತು. ಅವರ ಹೆಂಡತಿ ಶಾಲೆಯೊಂದರಲ್ಲಿ ಗ್ರಂಥಪಾಲಕಿ. ಗಂಡನ ಚಪಲವೂ ತೀರಬೇಕು, ಕ್ಯಾಲೊರಿಯೂ ಏರಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದೆಂದು ಆಕೆ ಪಾಕಪುಸ್ತಕಗಳನ್ನು ಶೋಧಿಸಿ ದಿನಕ್ಕೊಂದು ಪ್ರಯೋಗವನ್ನು ನಡೆಸತೊಡಗಿದರು. ಹಿಟ್ಟಿಲ್ಲದ ಕೇಕು, ಬೆಣ್ಣೆಯಿಲ್ಲದ ಬಿಸ್ಕತ್ತು, ನ್ಯಾಯಾಧೀಶರ ಮುಂದೆ ನಿಂತ ಆರೋಪಿಯಂತೆ ಗಡಗಡ ನಡುಗುವ ಜೆಲ್ಲಿ. ಕಡೆಗೆ, ಕೆನೆ ತೆಗೆದ ಹಾಲಿಗೆ ಓಟ್ಸು ಮತ್ತು ಸೇಬಿನ ಸಿಪ್ಪೆಯನ್ನು ಬೆರೆಸಿ, ಸಿಹಿಗುಳಿಗೆಯನ್ನು ಹಾಕಿ ಕುದಿಸಿದ ಒಂದು ಪುಡಿಂಗು ಸ್ಥಿರವಾಗಿ ನೆಲೆಸಿತು. ಗೋಡೆಗೆ ಭಿತ್ತಿಪತ್ರ ಹಚ್ಚುವವರು ಅದನ್ನು ಕಂಡಿದ್ದರೆ ಗೋಂದನ್ನು ಕೊಳ್ಳುವುದನ್ನೇ ನಿಲ್ಲಿಸುತ್ತಿದ್ದರು.

ಪ್ರತಿ ಸಂಜೆಯೂ ಹೆಂಡತಿ ಎದುರಿಗೆ ಕುಳಿತು ಕೇಳುವರು: "ಹೇಗಿದೆ ರೀ?"

"ಚೆನ್ನಾಗಿದೆ."

"ನಿಜವಾಗ್ಲೂ?"

"ನಿಜವಾಗ್ಲೂ."

ದಾಂಪತ್ಯದಲ್ಲಿ ಆಡಬಹುದಾದ ಸುಳ್ಳುಗಳಿಗೆ ಶಾಸ್ತ್ರದಲ್ಲಿಯೂ ಸ್ವಲ್ಪ ವಿನಾಯಿತಿಯುಂಟೆಂದು ಗುಮಾಸ್ತರು ಮನಸ್ಸನ್ನು ಸಮಾಧಾನಪಡಿಸಿಕೊಳ್ಳುತ್ತಿದ್ದರು.

ಅಂದು ಹನ್ನೊಂದು ಗಂಟೆಗೆ ಅವರು ಅಭ್ಯಾಸಬಲದಿಂದ ಫ್ರಿಜ್ಜಿನ ಕೆಳಂತಸ್ತಿಗೆ ಕೈಯಿಟ್ಟರು. ಕೈಗೆ ತಣ್ಣನೆಯ ಗಾಜಿನ ಬಟ್ಟಲೊಂದು ಸಿಕ್ಕಿತು. ಅದರ ಮೈಮೇಲೆ 'ಸಕ್ಕರೆರಹಿತ, ಕಡಿಮೆ ಕ್ಯಾಲೊರಿ ಪುಡಿಂಗ್' ಎಂದು ಅಚ್ಚಾಗಿತ್ತು. ಸಕ್ಕರೆರಹಿತವೆಂದ ಮೇಲೆ ವೈದ್ಯರ ಆಜ್ಞೆಗೆ ಭಂಗವಿಲ್ಲ. ಹೆಂಡತಿಯ ಆಜ್ಞೆಗಂತೂ ಇಲ್ಲವೇ ಇಲ್ಲ. ಒಂದು ಚಮಚ ಬಾಯಿಗಿಟ್ಟರು.

ಆಮೇಲೆ ನಡೆದದ್ದನ್ನು ವಿವರಿಸುವುದು ಕಷ್ಟ. ಬಹುದಿನ ಸೆರೆಯಲ್ಲಿದ್ದವನಿಗೆ ಬಾಗಿಲು ತೆರೆದಂತಾಯಿತು. ನಾಲಗೆಯ ತುದಿಯಲ್ಲಿ ಹುಟ್ಟಿದ ಮಾಧುರ್ಯವು ಗಂಟಲಿಗಿಳಿದು, ಅಲ್ಲಿಂದ ಎದೆಗೆ, ಎದೆಯಿಂದ ಅಂಗಾಲಿಗೆ ವ್ಯಾಪಿಸಿತು. ಗುಮಾಸ್ತರು ಕಣ್ಣುಮುಚ್ಚಿದರು. ತೆರೆದಾಗ ಬಟ್ಟಲು ಬರಿದಾಗಿತ್ತು. ಅಂಚಿಗೆ ಅಂಟಿದ್ದನ್ನು ಬೆರಳಿನಿಂದ ಒರೆಸಲೆಂದು ಬಟ್ಟಲನ್ನು ಮೇಲೆತ್ತಿದಾಗ ತಳದಲ್ಲಿ ಕೆಂಪು ಚೀಟಿಯೊಂದು ಕಾಣಿಸಿತು.

ಕೆಂಪು ಚೀಟಿಯೆಂದರೆ ದೂರಿನ ಮಾದರಿ; ಇನ್ನೂ ಪರೀಕ್ಷೆಯಾಗದ್ದು. ಅದರಲ್ಲಿಯೂ ಇದು ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ, ತಯಾರಕಿಯ ಸಮ್ಮುಖದಲ್ಲಿ, ಸ್ವತಃ ಮುಖ್ಯಸ್ಥರ ಮುಂದೆ ಪರೀಕ್ಷೆಯಾಗಬೇಕಾದ ಪುಡಿಂಗು. ಬೆಳಿಗ್ಗೆ ಅದರ ಅರಗಿನ ಮುದ್ರೆಯನ್ನು ಒಡೆದು, ಬಟ್ಟೆಯನ್ನು ಬಿಚ್ಚಿ, ಮೇಲಂತಸ್ತಿನಲ್ಲಿಟ್ಟವರು ತಾವೇ ಎಂಬುದು ಗುಮಾಸ್ತರಿಗೆ ಆಗ ನೆನಪಾಯಿತು. ಅಂಗಾಲಿಗೆ ಇಳಿದಿದ್ದ ಮಾಧುರ್ಯವು ಹಾಗೆಯೇ ನೆಲದೊಳಕ್ಕೆ ಇಂಗಿಹೋಯಿತು. ಸಾಕ್ಷ್ಯವನ್ನು ನುಂಗಿದವನಿಗೆ ಆ ಕಚೇರಿಯಲ್ಲಿ ಒಂದೇ ಶಿಕ್ಷೆ: ಕೆಲಸದಿಂದ ವಜಾ.

"ಮೀಸೆ ಒರೆಸ್ಕೊಳ್ಳಿ ಅಣ್ಣಾ," ಎಂಬ ಧ್ವನಿ ಹಿಂದಿನಿಂದ ಬಂತು. ಬಾಗಿಲಲ್ಲಿ ಡಂಗುರ ನಿಂತಿದ್ದನು. "ಸಾಕ್ಷಿ ಅಲ್ಲೇ ಕೂತಿದೆ."

"ಲೋ, ಇದು ಕೆಳಗೆ ಹೆಂಗೆ ಬಂತೋ?"

"ಯಾವ್ದು?" ಡಂಗುರನು ಬಟ್ಟಲನ್ನು ನೋಡಿದನು, ಫ್ರಿಜ್ಜನ್ನು ನೋಡಿದನು, ತಲೆಯ ಮೇಲೆ ಕೈಯಿಟ್ಟುಕೊಂಡನು. "ಅಯ್ಯಯ್ಯೋ! ಇದು ಪುಡಿಂಗಮ್ಮನ ಕೇಸಲ್ವಾ? ಮೇಲಿನ ಸಾಹೇಬ್ರು ಬೆಳಿಗ್ಗೆಯಿಂದ ಇದನ್ನೇ ಜಪ ಮಾಡ್ತಿದಾರೆ."

"ಕೂಗಬೇಡ್ವೋ! ನೀನೊಬ್ಬ ಬಾಯಿ ಮುಚ್ಚಿದ್ರೆ ನನ್ನ ಸಂಸಾರ ಉಳಿಯುತ್ತೆ."

"ನಾನ್ಯಾರಿಗ್ ಹೇಳ್ಲಿ? ಫ್ರಿಜ್ಜು ತಿರುಗಾಮುರುಗಾ ಮಾಡಿದ್ದು ನಾನೇ ಅಲ್ವಾ," ಎಂದನು ಡಂಗುರ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಧ್ವನಿ ತಗ್ಗಿತ್ತು. "ಹೋಗಿ, ಅವಳಂಗಡಿಯಿಂದ್ಲೇ ಇನ್ನೊಂದು ತಂದ್ಬಿಡಿ. ಪುಡಿಂಗಿಗೇನು ಹಣೆ ಮೇಲೆ ಹೆಸರು ಬರ್ದಿರುತ್ತಾ?"

ನಿಯಮದಂತೆ ಪ್ರತಿ ಮಾದರಿಯೂ ಎರಡು ಬಟ್ಟಲುಗಳಲ್ಲಿ ಬರುತ್ತಿತ್ತು. ಒಂದು ಪರೀಕ್ಷೆಗೆ, ಇನ್ನೊಂದು ಮುಖ್ಯಸ್ಥರ ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿ, ಅವರದೇ ಬೀಗದ ಕೆಳಗೆ. ಫಲಿತಾಂಶವನ್ನು ಒಪ್ಪದ ತಯಾರಕರು ಪಟ್ಟುಹಿಡಿದರೆ ಮಾತ್ರ ಅದು ಹೊರಬರುವುದು. ಆ ಬೀಗದ ಕೈಯನ್ನು ಮುಖ್ಯಸ್ಥರು ಜನಿವಾರದಂತೆ ಕೊರಳಲ್ಲೇ ಧರಿಸುತ್ತಿದ್ದರಾದ್ದರಿಂದ ಆ ದಾರಿಯನ್ನು ಗುಮಾಸ್ತರು ಯೋಚಿಸಲೂ ಇಲ್ಲ. ಹಲ್ಲುನೋವೆಂದು ಅನುಮತಿ ಪಡೆದು ಹೊರಟರು. ಪಾಪಿಷ್ಠ ಬಾಯಿಗೆ ಸಂಬಂಧಿಸಿದ ಕಾರಣವೇ ಬಾಯಿಗೆ ಬಂದದ್ದು ವಿಧಿಯ ವಿನೋದ.

ಪುಡಿಂಗಮ್ಮನ ಅಂಗಡಿಯ ಬಾಗಿಲು ಮುಚ್ಚಿತ್ತು. ಎದುರಿಗೆ ಕುರ್ಚಿ ಹಾಕಿಕೊಂಡು ದಪ್ಪ ಕನ್ನಡಕದ ನಡುವಯಸ್ಸಿನ ಹೆಂಗಸೊಬ್ಬಳು ಸ್ವೆಟರ್ ಹೆಣೆಯುತ್ತಿದ್ದಳು.

"ಒಂದು ಪುಡಿಂಗ್ ಸಿಗುತ್ತೇನಮ್ಮಾ? ಒಂದೇ ಒಂದು," ಎಂದು ಗುಮಾಸ್ತರು ಯಾಚಿಸಿದರು.

"ಎಲ್ಲಾನೂ ಬೀಗ ಹಾಕಿ ಹೋಗಿದಾರೆ ಸ್ವಾಮಿ. ಪರೀಕ್ಷೆ ಆಗೋವರೆಗೂ ನಾನೂ ಮುಟ್ಟೋ ಹಾಗಿಲ್ಲ." ಆಕೆ ತಲೆಯೆತ್ತಲಿಲ್ಲ. "ಪಕ್ಕದ ಬೇಕರಿಯವನು ದೂರು ಕೊಟ್ಟಿದಾನೆ. ಇಷ್ಟು ರುಚಿಯಾಗಿರೋದು ಸಕ್ಕರೆ ಇಲ್ದೆ ಆಗೋಕೆ ಸಾಧ್ಯಾನೇ ಇಲ್ವಂತೆ. ಇವತ್ತು ಸಂಜೆ ಸಕ್ಕರೆ ಇದೆ ಅಂತ ಬಂದ್ರೆ ಅಂಗಡಿ ಶಾಶ್ವತವಾಗಿ ಮುಚ್ಚಬೇಕು. ಇಲ್ಲ ಅಂತ ಬಂದ್ರೆ ನಾಳೆ ಬನ್ನಿ, ಕೊಡ್ತೀನಿ."

"ಭಯ ಆಗ್ತಿಲ್ವಾ ನಿಮ್ಗೆ?"

"ಪರೀಕ್ಷೆ ಮಾಡೋ ಯಂತ್ರಕ್ಕೆ ನಾನ್ಯಾಕೆ ಹೆದರ್ಲಿ? ಅದೇನು ಬೇಕರಿ ಇಟ್ಟಿದ್ಯಾ?"

ಈ ನಿರಾತಂಕವನ್ನು ಕಂಡು ಗುಮಾಸ್ತರಿಗೆ ಸಂಶಯ ಹುಟ್ಟಿತು. ನಿರಪರಾಧಿಗಳು ಬೆವರುವುದನ್ನು ಅವರು ಎಷ್ಟೋ ಸಲ ನೋಡಿದ್ದರು. ತಾವೇ ಈಗ ಬೆವರುತ್ತಿದ್ದರು, ಆದರೆ ತಾವು ನಿರಪರಾಧಿಯಲ್ಲವೆಂಬುದು ಆ ಕ್ಷಣ ಹೊಳೆಯಲಿಲ್ಲ. ಅಪರಾಧದಲ್ಲಿ ನುರಿತವರಿಗೆ ಮಾತ್ರ ಇಷ್ಟು ಸ್ಥಿರವಾದ ಕೈಯಿಂದ ಸ್ವೆಟರ್ ಹೆಣೆಯಲು ಸಾಧ್ಯವೆಂದು ಅವರು ತೀರ್ಮಾನಿಸಿದರು.

ಆದರೆ ಬಟ್ಟಲನ್ನು ತುಂಬುವುದು ಹೇಗೆ? ಮುಳುಗುವವನಿಗೆ ಹುಲ್ಲುಕಡ್ಡಿಯಂತೆ ಮನೆಯ ಪುಡಿಂಗಿನ ನೆನಪಾಯಿತು. ಅದೂ ಕಡಿಮೆ ಕ್ಯಾಲೊರಿಯದೇ. ಅದೂ ಕಂದು ಬಣ್ಣದ್ದೇ. ಗುಮಾಸ್ತರು ಬಸ್ಸನ್ನು ಹಿಡಿದು, ಬಟ್ಟಲನ್ನು ಅಂಗಿಯೊಳಗೆ ಹುದುಗಿಸಿಕೊಂಡು ಮನೆಗೆ ಓಡಿದರು. ಹೆಂಡತಿ ಶಾಲೆಯಲ್ಲಿದ್ದರು. ಫ್ರಿಜ್ಜಿನಲ್ಲಿ ಸಂಜೆಗೆಂದು ಮಾಡಿಟ್ಟಿದ್ದ ಪುಡಿಂಗು ಪಾತ್ರೆಯ ಆಕಾರವನ್ನೇ ತಾಳಿ ಕಲ್ಲಿನಂತೆ ಕುಳಿತಿತ್ತು. ಅರ್ಧದಷ್ಟಾದರೂ ಉಳಿಸೋಣವೆಂದರೆ ಅದು ಬಿಡಿಯಾಗಿ ಬರಲೊಲ್ಲದು; ಬಂದರೆ ಇಡಿಯಾಗಿಯೇ ಬರುವೆನೆಂದು ಹಟಹಿಡಿಯಿತು. ಕಡೆಗೆ ಅದರ ನಡುಭಾಗವನ್ನು ಕೆತ್ತಿ ಬಟ್ಟಲಿಗೆ ತುರುಕಿ, ಮಿಕ್ಕದ್ದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಚಮಚದ ಬೆನ್ನಿನಿಂದ ಬಟ್ಟಲಿನ ಮೇಲ್ಮೈಯನ್ನು ನುಣ್ಣಗೆ ಸವರಿದರು. ಅರೆಬರೆ ಪಾತ್ರೆಗಿಂತ ಬರಿಯ ಪಾತ್ರೆಗೆ ಉತ್ತರ ಹೇಳುವುದು ಸುಲಭವೆಂದು ಅವರ ಎಣಿಕೆ.

"ಏನೋ ಇದು, ಹೆಂಡ್ತಿ ಇಲ್ದಾಗ ಅಡುಗೆಮನೆಗೆ ಕನ್ನ ಹಾಕ್ತಿದೀಯಾ?"

ಕಿಟಕಿಯ ಆಚೆ ಎದುರುಮನೆಯ ದೊಡ್ಡಮ್ಮನ ಮುಖವಿತ್ತು. ರಸ್ತೆಗೆ ಬಂದವರು ಯಾರು, ಹೋದವರು ಯಾರು, ಬಂದು ಹೋಗದೆ ಉಳಿದವರು ಯಾರು ಎಂಬುದನ್ನೆಲ್ಲ ತಿಳಿಯುವುದು ಆಕೆ ವಿಧವೆಯಾದಂದಿನಿಂದ ಸ್ವಇಚ್ಛೆಯಿಂದ ವಹಿಸಿಕೊಂಡಿದ್ದ ಕೈಂಕರ್ಯ.

"ಹಸಿವಾಗಿತ್ತು ದೊಡ್ಡಮ್ಮಾ," ಎಂದರು ಗುಮಾಸ್ತರು. ಖಾಲಿ ಪಾತ್ರೆ ಒಂದು ಕೈಯಲ್ಲಿ, ಚಮಚ ಇನ್ನೊಂದು ಕೈಯಲ್ಲಿ. ಬೇರೆ ಮಾತು ಹೊಳೆಯಲಿಲ್ಲ. "ಅವಳು ಮಾಡಿದ ಪುಡಿಂಗು ನೆನಪಾಯ್ತು. ಸಂಜೆವರೆಗೂ ತಡ್ಕೊಳ್ಳೋಕೆ ಆಗ್ಲಿಲ್ಲ."

"ಅದನ್ನ? ನೀನು? ಆಫೀಸಿಂದ ಓಡಿಬಂದು?" ದೊಡ್ಡಮ್ಮನ ಹುಬ್ಬು ಮೇಲೇರಿತು. ಆ ಪುಡಿಂಗಿನ ರುಚಿಯನ್ನು ಆಕೆಯೂ ಒಮ್ಮೆ ನೋಡಿದ್ದಳು.

"ಪೂರ್ತಿ ಮುಗಿಸ್ಬಿಟ್ಟೆ," ಎಂದು ಗುಮಾಸ್ತರು ಪಾತ್ರೆಯನ್ನು ಮಗುಚಿ ತೋರಿಸಿ, ಇನ್ನೊಂದು ಪ್ರಶ್ನೆ ಬರುವ ಮುನ್ನ ಹಿಂಬಾಗಿಲಿನಿಂದ ಪಾರಾದರು.

ಬಸ್ಸಿನಲ್ಲಿ ಕುಳಿತ ಮೇಲೆ ಹೊಸದೊಂದು ಭಯವು ಅವರನ್ನು ಹಿಡಿಯಿತು. ಮನೆಯ ಪುಡಿಂಗಿನಲ್ಲಿ ಸಕ್ಕರೆಯ ಕಣವೂ ಇಲ್ಲ. ಯಂತ್ರವು ಹಾಗೆಯೇ ಹೇಳುವುದು. ಪುಡಿಂಗಮ್ಮ ನಿರ್ದೋಷಿಯಾಗಿ ಹೊರಬೀಳುವಳು. ಆಮೇಲೆ ಸಕ್ಕರೆಯ ಕಾಯಿಲೆಯವರು ಆಕೆಯ ಮಾತನ್ನು ನಂಬಿ ಬಟ್ಟಲುಗಟ್ಟಲೆ ತಿಂದು ಹಾಸಿಗೆ ಹಿಡಿದರೆ ಆ ಪಾಪ ಯಾರ ತಲೆಗೆ? ಆದರೆ ಅದರಲ್ಲಿ ನಿಜವಾಗಿಯೂ ಸಕ್ಕರೆಯಿತ್ತೆ? ತಿಂದ ಏಕೈಕ ಪ್ರಾಣಿ ತಾವು. ಪ್ರಮಾಣವು ತಮ್ಮ ಅನುಭವವೇ.

ಗುಮಾಸ್ತರು ಸೀಟಿನ ಕಂಬಿಯನ್ನು ಹಿಡಿದು ತರ್ಕಶಾಸ್ತ್ರದ ಕ್ರಮದಲ್ಲಿಯೇ ವಿಚಾರಮಾಡಿದರು. ಪ್ರತಿಜ್ಞೆ: ಆ ಪುಡಿಂಗಿನಲ್ಲಿ ಸಕ್ಕರೆಯಿದೆ. ಹೇತು: ಅದು ಆನಂದವನ್ನುಂಟುಮಾಡಿದ್ದರಿಂದ. ವ್ಯಾಪ್ತಿ: ಎಲ್ಲೆಲ್ಲಿ ಆನಂದವೋ ಅಲ್ಲಲ್ಲಿ ಸಕ್ಕರೆ. ವಿಪಕ್ಷಕ್ಕೆ ದೃಷ್ಟಾಂತ: ಮನೆಯ ಪುಡಿಂಗು, ಅಲ್ಲಿ ಸಕ್ಕರೆಯೂ ಇಲ್ಲ, ಆನಂದವೂ ಇಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಿದವರ ವಾದವೂ ಇಷ್ಟು ಗಟ್ಟಿಯಾಗಿರಲಿಲ್ಲ. ಒಂದೇ ಅಡುಗೆಮನೆಯನ್ನು ನೋಡಿ ಲೋಕಕ್ಕೆಲ್ಲ ವ್ಯಾಪ್ತಿಯನ್ನು ಕಟ್ಟಬಾರದೆಂದು ಹಿಂದಿನ ತಾರ್ಕಿಕರು ಎಚ್ಚರಿಸಿರುವುದುಂಟು; ಆದರೆ ಆ ತಾರ್ಕಿಕರಾರೂ ಆ ಬಸ್ಸಿನಲ್ಲಿರಲಿಲ್ಲ.

ಇನ್ನು ಮಾಡಬೇಕಾದದ್ದು ಸ್ಪಷ್ಟವಾಯಿತು. ಪುಡಿಂಗು ಬದಲಾಗಿದ್ದರೂ ಸತ್ಯ ಬದಲಾಗಬಾರದು.

"ಡಂಗುರಾ, ಸಕ್ಕರೆ ಬೇಕಲ್ಲೋ," ಎಂದು ಅವರು ಪರೀಕ್ಷಾಲಯದ ಹಿತ್ತಲಲ್ಲಿ ಪಿಸುಗುಟ್ಟಿದರು.

"ನಿಮ್ಗಾ? ಅತ್ತಿಗೆ ನನ್ನ ಚರ್ಮ ಸುಲಿತಾರೆ."

"ನನಗಲ್ವೋ, ಪುಡಿಂಗಿಗೆ!"

ಯಂತ್ರವನ್ನು ಸರಿನೋಡಲೆಂದು ಇಟ್ಟಿದ್ದ ಶುದ್ಧ ಸಕ್ಕರೆಯ ಸೀಸೆಯೊಂದು ರಾಸಾಯನಿಕಗಳ ಕಪಾಟಿನಲ್ಲಿತ್ತು. ಡಂಗುರನು ಅದನ್ನು ತಂದನು. ಗುಮಾಸ್ತರು ಕಣ್ಣಳತೆಯಲ್ಲಿ ಸುರಿದರು. ಬಹುಕಾಲ ಸಕ್ಕರೆಯಿಂದ ದೂರವಿದ್ದವರ ಕಣ್ಣಳತೆಯಾದ್ದರಿಂದ ಅದು ಸ್ವಲ್ಪ ಉದಾರವಾಯಿತು. "ಅಣ್ಣಾ, ಇದು ಪುಡಿಂಗೋ, ಪಾಕವೋ?" ಎಂದು ಡಂಗುರನು ಕೈಹಿಡಿಯುವವರೆಗೂ ಅವರು ನಿಲ್ಲಿಸಲಿಲ್ಲ.

"ಪುಡಿಂಗಮ್ಮ ಇನ್ನೊಂದು ಬಟ್ಟಲು ಕೇಳಿದ್ರೆ?" ಎಂದು ಅವನು ಕೇಳಿದನು.

"ಕೇಳಲ್ಲ ಕಣೋ. ಅದರಲ್ಲೂ ಸಿಕ್ಕಿಬಿದ್ರೆ ದಂಡ ಎರಡರಷ್ಟು. ನಾನು ಇಲ್ಲಿ ಸೇರಿದಾಗಿಂದ ತಪ್ಪು ಮಾಡಿದೋರು ಯಾರೂ ಕೇಳಿಲ್ಲ."

ಮಾತೇನೋ ನಿಜವೇ. ತಪ್ಪು ಮಾಡದವರು ಕೇಳುವರೆ ಎಂಬುದನ್ನು ಮಾತ್ರ ಅವರು ವಿಚಾರಿಸಲಿಲ್ಲ.

ಮೂರು ಗಂಟೆಗೆ ಎಲ್ಲರೂ ಯಂತ್ರದ ಸುತ್ತ ನೆರೆದರು. ಪುಡಿಂಗಮ್ಮ ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದಳು. ಮುಖ್ಯಸ್ಥರು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದರು. ಕೆಲಸಕ್ಕೆ ಹೊಸದಾಗಿ ಸೇರಿ ಇನ್ನೂ ಖಾಯಂ ಆಗದಿದ್ದ ವಿಶ್ಲೇಷಕಿ, ಗುಮಾಸ್ತರನ್ನು 'ಮಾವ' ಎಂದೇ ಕರೆಯುತ್ತಿದ್ದ ಹುಡುಗಿ, ಬಟ್ಟಲಿಗೆ ಚಮಚವನ್ನು ಹಾಕಿದಳು. ಚಮಚವು ನೆಟ್ಟಗೆ ನಿಂತಿತು.

"ಇದೇನು ಮಾವ, ಇಷ್ಟು ಗಟ್ಟಿ?"

"ಫ್ರಿಜ್ಜಲ್ಲಿತ್ತಲ್ಲಮ್ಮಾ," ಎಂದರು ಗುಮಾಸ್ತರು. ಅವರ ಅಂಗಿಯು ಬೆನ್ನಿಗೆ ಅಂಟಿಕೊಂಡಿತ್ತು.

ಹುಡುಗಿ ಪುಡಿಂಗನ್ನು ಕರಗಿಸಿ, ಸೋಸಿ, ಯಂತ್ರಕ್ಕೆ ಊಡಿಸಿದಳು. ಪರದೆಯ ಮೇಲೆ ಹಸಿರು ಗೆರೆಯೊಂದು ಸೌಮ್ಯವಾಗಿ ಹರಿಯತೊಡಗಿತು. ಸಕ್ಕರೆಯ ಸ್ಥಾನ ಬಂದೊಡನೆ ಅದು ಹೆಡೆಯೆತ್ತಿದ ಸರ್ಪದಂತೆ ಸರ್ರನೆ ಮೇಲೆದ್ದು, ಪರದೆಯ ತುದಿಯನ್ನು ಮುಟ್ಟಿ, ಅಲ್ಲಿಂದಾಚೆಗೆ ಎಲ್ಲಿಗೆ ಹೋಯಿತೆಂಬುದು ಯಾರಿಗೂ ಕಾಣಲಿಲ್ಲ.

"ಶಿವನೇ! ಇದು ಪುಡಿಂಗಲ್ಲ, ಸಕ್ಕರೆ ಮೂಟೆ," ಎಂದರು ಮುಖ್ಯಸ್ಥರು.

ಗುಮಾಸ್ತರ ಎದೆಯಿಂದ ಭಾರವೊಂದು ಇಳಿಯಿತು. ಕೆಲಸ ಉಳಿಯಿತು, ಧರ್ಮವೂ ಉಳಿಯಿತು.

ಪುಡಿಂಗಮ್ಮ ಸ್ಟೂಲಿನಿಂದ ಎದ್ದಳು. "ಇನ್ನೊಂದು ಬಟ್ಟಲು ತೆಗೀರಿ," ಎಂದಳು.

"ಯೋಚನೆ ಮಾಡಿ ಹೇಳಿ. ದಂಡ ಎರಡರಷ್ಟಾಗುತ್ತೆ," ಎಂದರು ಮುಖ್ಯಸ್ಥರು.

"ಹತ್ತರಷ್ಟಾಗ್ಲಿ. ತೆಗೀರಿ."

ಡಂಗುರನು ಗುಮಾಸ್ತರ ಮುಖವನ್ನು ನೋಡಿದನು. ಗುಮಾಸ್ತರು ನೆಲವನ್ನು ನೋಡಿದರು. ಮುಖ್ಯಸ್ಥರು ಕೊರಳಿನಿಂದ ಬೀಗದ ಕೈಯನ್ನು ಬಿಚ್ಚಿ, ಎರಡನೆಯ ಬಟ್ಟಲನ್ನು ತಂದು, ಮುದ್ರೆಯನ್ನು ಎಲ್ಲರ ಮುಂದೆ ಒಡೆದರು. ಪರದೆಯ ಮೇಲೆ ಮತ್ತೆ ಹಸಿರು ಗೆರೆ ಹರಿಯಿತು. ಸಕ್ಕರೆಯ ಸ್ಥಾನ ಬಂತು. ಗೆರೆಯು ನಿದ್ರಿಸುತ್ತಿರುವ ಮಗುವಿನ ಮೇಲಿನ ಹೊದಿಕೆಯಂತೆ ನುಣುಪಾಗಿ ಮುಂದಕ್ಕೆ ಸಾಗಿಹೋಯಿತು. ಸಕ್ಕರೆಯಿಲ್ಲ, ಸಕ್ಕರೆಯ ಸುಳಿವೂ ಇಲ್ಲ.



ಮುಖ್ಯಸ್ಥರು ಹುಡುಗಿಯ ಕಡೆಗೆ ತಿರುಗಿದರು. "ಒಂದೇ ಪುಡಿಂಗು, ಎರಡು ಫಲಿತಾಂಶ. ಪಾತ್ರೆ ತೊಳೆದಿದ್ರಾ?"

"ತೊಳೆದಿದ್ದೆ ಸಾರ್."

"ಹಾಗಾದ್ರೆ ಸಕ್ಕರೆ ಆಕಾಶದಿಂದ ಉದುರ್ತಾ? ಸಕ್ಕರೆ ಸೀಸೆ ಬೇರೆ ಅರ್ಧ ಆಗಿದೆ, ಈಗ ತಾನೇ ನೋಡ್ದೆ. ಯಾರ ಹತ್ರ ಏನು ತಗೊಂಡಿದೀರಿ, ಬೇಕರಿಯವನ ಹತ್ರಾನಾ?"

"ಸಾರ್!" ಹುಡುಗಿಯ ಕಣ್ಣು ತುಂಬಿತು.

"ನಾಳೆಯಿಂದ ಕೆಲಸಕ್ಕೆ ಬರಬೇಡಿ."

ಗುಮಾಸ್ತರ ಬಾಯಿ ತೆರೆಯಿತು. ಡಂಗುರನು ಅವರ ಕಾಲನ್ನು ಬಲವಾಗಿ ತುಳಿದನು. ಬಾಯಿ ಮುಚ್ಚಿತು. ಹುಡುಗಿ ಕೈಗವಸುಗಳನ್ನು ಬಿಚ್ಚಿ, ಒಂದರ ಮೇಲೊಂದನ್ನು ಜೋಡಿಸಿ, ಮೇಜಿನ ಮೇಲಿಟ್ಟಳು. ಆ ಜೋಡಿಸುವಿಕೆಯನ್ನು ನೋಡಲು ಗುಮಾಸ್ತರಿಂದಾಗಲಿಲ್ಲ.

"ಸಾರ್, ಆ ಮಗೂದು ತಪ್ಪಿಲ್ಲ. ಮೊದಲ್ನೇ ಬಟ್ಟಲಲ್ಲಿದ್ದದ್ದು ನಮ್ಮ ಮನೆಯವಳ ಪುಡಿಂಗು."

"ಏನಂದ್ರಿ?"

"ಹಾಗಾದ್ರೆ ನನ್ನದೆಲ್ಲಿ?" ಎಂದಳು ಪುಡಿಂಗಮ್ಮ.

ಗುಮಾಸ್ತರು ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದರು. "ಇಲ್ಲಿ ತಾಯಿ."

"ನಿಮ್ಮ ಮನೆಯವ್ರು ಅಷ್ಟೊಂದು ಸಕ್ಕರೆ ಹಾಕ್ತಾರೇನ್ರೀ?" ಎಂದು ಮುಖ್ಯಸ್ಥರು ಗುಡುಗಿದರು.

"ಇಲ್ಲ ಸಾರ್, ಸಕ್ಕರೆ ನಾನು ಹಾಕಿದ್ದು."

"ಯಾಕೆ?"

"ಸತ್ಯ ಗೆಲ್ಲಲಿ ಅಂತ."

ಮುಖ್ಯಸ್ಥರು ಕುರ್ಚಿಯನ್ನು ಹುಡುಕಿಕೊಂಡು ಕುಳಿತರು. ಗುಮಾಸ್ತರು ಆದ್ಯಂತವಾಗಿ ಎಲ್ಲವನ್ನೂ ನಿವೇದಿಸಿದರು. ಅಂತಸ್ತುಗಳ ಅದಲುಬದಲಿನಿಂದ ಹಿಡಿದು ಬಸ್ಸಿನಲ್ಲಿ ನಡೆಸಿದ ತರ್ಕದವರೆಗೆ. ಡಂಗುರನ ಹೆಸರನ್ನು ಮಾತ್ರ ಬಿಟ್ಟರು. ಆದರೆ ಹೆಸರಿಗೆ ತಕ್ಕಂತೆ ಡಂಗುರನೇ ನಡುವೆ ಬಾಯಿಹಾಕಿ ತನ್ನ ಪಾಲನ್ನು ತಾನೇ ಸಾರಿಕೊಂಡನು.

ಎಲ್ಲವನ್ನೂ ಕೇಳಿದ ಪುಡಿಂಗಮ್ಮ ರೇಗುವಳೆಂದು ಎಲ್ಲರೂ ಕಾದರು. ಆಕೆ ಹತ್ತಿರ ಬಂದು ಗುಮಾಸ್ತರನ್ನು ದಪ್ಪ ಕನ್ನಡಕದೊಳಗಿಂದ ದಿಟ್ಟಿಸಿದಳು.

"ತಿಂದಾಗ ಹೇಗಿತ್ತು?"

"ಏನ್ ಹೇಳ್ಲಿ ತಾಯಿ. ನನ್ನ ಕಾಲು ನೆಲದ ಮೇಲಿರ್ಲಿಲ್ಲ."

"ಇದುವರೆಗೂ ತಿಂದೋರೆಲ್ಲ, ಇದ್ರಲ್ಲಿ ಸಕ್ಕರೆ ಇದೆ, ಮೋಸ ಅಂದ್ರೇ ಹೊರತು, ಚೆನ್ನಾಗಿದೆ ಅಂತ ಬಾಯ್ಬಿಟ್ಟು ಒಬ್ರೂ ಹೇಳಿರ್ಲಿಲ್ಲ," ಎಂದಳು ಪುಡಿಂಗಮ್ಮ. ಆಕೆಯ ಧ್ವನಿ ಒಮ್ಮೆಲೇ ಒದ್ದೆಯಾಯಿತು. "ಸಾರ್, ಇವ್ರನ್ನ ಕೆಲಸದಿಂದ ತೆಗೀಬೇಡಿ. ನಾನು ದೂರು ಕೊಡಲ್ಲ. ಸ್ವಾಮಿ, ನೀವು ಬದುಕಿರೋವರೆಗೂ ದಿನಕ್ಕೊಂದು ಬಟ್ಟಲು ನಿಮ್ಮ ಮನೆಗೆ ಬರುತ್ತೆ."

ಆಗಲೇ ಗುಮಾಸ್ತರಿಗೆ ನಡೆದದ್ದರ ಪೂರ್ಣಾರ್ಥವು ಗೋಚರಿಸಿತು. ಸಕ್ಕರೆಯಿಲ್ಲ! ಆ ಆನಂದದಲ್ಲಿ ಸಕ್ಕರೆಯಿರಲಿಲ್ಲ! ವೈದ್ಯರೂ ಬೇಡವೆನ್ನಲಾರದ, ಹೆಂಡತಿಯೂ ತಡೆಯಲಾರದ ಸಿಹಿಯೊಂದು ಈ ಭೂಮಿಯ ಮೇಲೆ, ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದೆ! ಅವರು ಪುಡಿಂಗಮ್ಮನಿಗೆ ಕೈಮುಗಿದರು. ಎರಡನೆಯ ಬಟ್ಟಲಿನಲ್ಲಿ ಉಳಿದಿದ್ದ ಪುಡಿಂಗಿನ ಕಡೆಗೆ ಅವರ ಕಣ್ಣು ತಾನಾಗಿಯೇ ಹರಿಯಿತು.

"ಕೈ ಹಿಂದಕ್ಕೆ ತಗೊಳ್ಳಿ," ಎಂದರು ಮುಖ್ಯಸ್ಥರು. ಕಣ್ಣಿನ ಹಿಂದೆ ಕೈಯೂ ಹೊರಟಿದ್ದುದು ಗುಮಾಸ್ತರಿಗೇ ತಿಳಿದಿರಲಿಲ್ಲ. "ಕೂತ್ಕೊಳ್ಳಿ ಇಬ್ರೂ. ನಾನು ಹೇಳೋದು ಕೇಳಿ. ಮೊದಲ್ನೇ ಫಲಿತಾಂಶ ಯಂತ್ರದಲ್ಲಿ ದಾಖಲಾಗಿದೆ, ಅಳಿಸೋಕಾಗಲ್ಲ. ನಾಳೆ ಬೇಕರಿಯವನು ಅದನ್ನ ಹಿಡ್ಕೊಂಡು ಬರ್ತಾನೆ. ಆಗ ಈ ಅಮ್ಮನ ಅಂಗಡಿ ಉಳಿಸೋಕೆ ಇರೋದು ಒಂದೇ ಸಾಕ್ಷಿ: ನಾನೇ ತಿಂದೆ, ನಾನೇ ಸಕ್ಕರೆ ಸುರಿದೆ ಅನ್ನೋ ನಿಮ್ಮ ಹೇಳಿಕೆ. ಸರಿನಾ?"

"ಸರಿ ಸಾರ್. ಎಲ್ಲಿ ಬೇಕಾದ್ರೂ ಹೇಳ್ತೀನಿ."

"ಹಾಗೆ ಹೇಳಿದೋರು ಇವರ ಪುಡಿಂಗ್ ತಿಂತಾ ಯಾರ ಕಣ್ಣಿಗಾದ್ರೂ ಬಿದ್ರೆ? ಪುಡಿಂಗಿನಾಸೆಗೆ ಸುಳ್ಸಾಕ್ಷಿ ಹೇಳ್ದ ಅಂತಾರೆ. ಅಂಗಡಿ ಅವತ್ತೇ ಮುಚ್ಚುತ್ತೆ. ಆದ್ರಿಂದ ಇವರ ಕೈಯಿಂದ ಆಗ್ಲಿ, ಅಂಗಡಿಯಿಂದ ಆಗ್ಲಿ, ಬೇರೆಯವರ ಮೂಲಕ ಆಗ್ಲಿ, ನೀವು ಒಂದು ಚಮಚಾನೂ ಮುಟ್ಟೋ ಹಾಗಿಲ್ಲ. ಮನೆಯವ್ರೂ ಕೊಳ್ಳೋ ಹಾಗಿಲ್ಲ."

"ಎಷ್ಟು ದಿನ ಸಾರ್?"

"ಅವರ ಅಂಗಡಿ ಇರೋವರೆಗೂ."

ಗುಮಾಸ್ತರು ಪುಡಿಂಗಮ್ಮನ ಕಡೆಗೆ ನೋಡಿದರು. ಆಕೆ ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸುತ್ತ, "ಸಾರ್ ಹೇಳೋದು ನ್ಯಾಯಾನೇ ಸ್ವಾಮಿ. ನಿಮ್ಮ ಪಾಲಿಂದು ದಿನಾ ಬೇರೆ ಯಾರಾದ್ರೂ ಕಾಯಿಲೆಯವ್ರಿಗೆ ಕೊಡ್ತೀನಿ. ಪುಣ್ಯ ನಿಮ್ಗೇ ಬರ್ಲಿ," ಎಂದಳು.

ಹುಡುಗಿಯ ಕೆಲಸ ಉಳಿಯಿತು. ಆಕೆ ಕಣ್ಣೊರೆಸಿಕೊಂಡು, "ಥ್ಯಾಂಕ್ಸ್ ಮಾವ," ಎಂದಳು. ಗುಮಾಸ್ತರನ್ನು ಮಾದರಿ ಕೊಠಡಿಯಿಂದ ಕುಡಿಯುವ ನೀರಿನ ವಿಭಾಗಕ್ಕೆ ವರ್ಗಾಯಿಸಲಾಯಿತು. ಅಲ್ಲಿ ಬರುವ ಮಾದರಿಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಂತೂ ಇರಲೇಕೂಡದು.

ಸಂಜೆ ಅವರು ಮನೆಗೆ ನಡೆದೇ ಬಂದರು. ದಾರಿಯುದ್ದಕ್ಕೂ ಒಂದೇ ಚಿಂತೆ: ಬರಿಯ ಪಾತ್ರೆಯನ್ನು ನೋಡಿ ಹೆಂಡತಿ ಏನು ಕೇಳುವಳೋ, ತಾನೇನು ಹೇಳುವೆನೋ. ನಿಜವನ್ನು ಹೇಳಿದರೆ, ಊರ ಪುಡಿಂಗನ್ನು ಬಟ್ಟಲು ನೆಕ್ಕಿ ತಿಂದದ್ದನ್ನೂ, ಆಕೆಯ ಪುಡಿಂಗನ್ನು ಯಂತ್ರಕ್ಕೆ ಉಣ್ಣಿಸಿದ್ದನ್ನೂ ಹೇಳಬೇಕು. ಅಷ್ಟು ಧೈರ್ಯವು ಮುಖ್ಯಸ್ಥರ ಮುಂದೆಯೇ ಖರ್ಚಾಗಿಹೋಗಿತ್ತು.

ಬಾಗಿಲನ್ನು ತೆರೆದಾಗ ಹೆಂಡತಿಯ ಕಣ್ಣುಗಳು ಕೆಂಪಾಗಿದ್ದವು. ಆಕೆಯ ಪಕ್ಕದಲ್ಲಿ ದೊಡ್ಡಮ್ಮ ಕುಳಿತಿದ್ದಳು.

"ದೊಡ್ಡಮ್ಮ ಎಲ್ಲಾ ಹೇಳಿದ್ರು ರೀ," ಎಂದರು ಹೆಂಡತಿ. "ತಡೆಯೋಕಾಗ್ದೆ ಆಫೀಸಿಂದ ಓಡಿ ಬಂದ್ರಂತೆ. ನಿಂತ್ಕೊಂಡೇ ಪೂರ್ತಿ ತಿಂದ್ರಂತೆ. ನಾನೆಷ್ಟು ಪಾಪಿ! ನೀವು ಚೆನ್ನಾಗಿದೆ ಅಂದಾಗೆಲ್ಲ ನನ್ನ ಮನಸ್ಸಿಗೆ ಸುಳ್ಳು ಹೇಳ್ತಿದೀರೇನೋ ಅಂತಾನೇ ಅನ್ನಿಸ್ತಿತ್ತು. ಪಾಪ, ಸಾಕು, ನಾಳೆಯಿಂದ ಇದನ್ನ ಮಾಡೋದೇ ಬಿಟ್ಬಿಡೋಣ ಅಂತ ಇವತ್ತು ಬೆಳಿಗ್ಗೆ ತಾನೇ ತೀರ್ಮಾನ ಮಾಡಿದ್ದೆ."

ಗುಮಾಸ್ತರು ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡರು. "ಬಿಟ್... ಬಿಡೋಣ ಅಂತಾನಾ?"

"ಇನ್ನು ಬಿಡ್ತೀನಾ? ನೋಡಿ," ಎಂದು ಆಕೆ ಮೇಜಿನ ಮೇಲಿನ ಮುಚ್ಚಳವನ್ನು ತೆಗೆದರು. ಅನ್ನ ಮಾಡುವ ದೊಡ್ಡ ಪಾತ್ರೆಯಲ್ಲಿ ಅಂಚಿನವರೆಗೂ ಪುಡಿಂಗು ಹೆಪ್ಪುಗಟ್ಟಿ ಕುಳಿತಿತ್ತು. "ಇನ್ಮೇಲೆ ಬೆಳಿಗ್ಗೆಗೂ ಮಾಡ್ತೀನಿ, ಸಂಜೆಗೂ ಮಾಡ್ತೀನಿ. ಆಫೀಸಿಗೆ ಬೇರೆ ಡಬ್ಬಿ ಕಟ್ಟಿಕೊಡ್ತೀನಿ. ಕೂತ್ಕೊಳ್ಳಿ."

ಗುಮಾಸ್ತರು ಕುಳಿತರು. ಚಮಚವನ್ನು ಒತ್ತಿದರು, ಅದು ಇಳಿಯಲಿಲ್ಲ, ಎರಡು ಕೈಯಿಂದ ಒತ್ತಿದರು. ಮೊದಲ ತುತ್ತು ಬಾಯಿಗೆ ಹೋಗಿ ಅಂಗುಳಕ್ಕೆ ಅಂಟಿಕೊಂಡಿತು. ಅವರ ಕಣ್ಣುಗಳಿಂದ ಎರಡು ಹನಿಗಳು ಉದುರಿ ಪುಡಿಂಗಿನ ಮೇಲೆ ಬಿದ್ದವು.

"ನೋಡೇ," ಎಂದಳು ದೊಡ್ಡಮ್ಮ, "ರುಚಿಗೆ ಕಣ್ಣಲ್ಲಿ ನೀರೇ ಬಂತು ಪಾಪ, ಹುಡುಗನಿಗೆ. ಇನ್ನೊಂದು ಸೌಟು ಹಾಕು."